ಅದುರುವ ಯಂತ್ರ, ಅದುರದ ಹಿಡಿಕೆ: ಕೈ ಉಪಕರಣಗಳ ಕವಚ ವಿನ್ಯಾಸ

ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ದತ್ತಿ ಉಪನ್ಯಾಸಕ್ಕೆ ಅಣೆಕಟ್ಟು, ಸೇತುವೆಗಳಂಥ ದೊಡ್ಡ ವಿಷಯವನ್ನು ಬಿಟ್ಟು, ಒಂದೇ ಕೈಯಲ್ಲಿ ಎತ್ತಬಹುದಾದ ಗ್ರೈಂಡರಿನ ಹೊರಕವಚವನ್ನು ವಿಷಯವಾಗಿ ಒಪ್ಪಿಕೊಂಡ ಸಂಘಟಕರ ಔದಾರ್ಯಕ್ಕೆ ಈ ಉಪನ್ಯಾಸವು ಋಣಿಯಾಗಿದೆ. 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ವಿಶ್ವೇಶ್ವರಯ್ಯನವರು ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು ನೀರು ಮಿತಿಮೀರಿದಾಗ ಕಾವಲುಗಾರನ ಎಚ್ಚರಕ್ಕೆ ಕಾಯದೆ ತಾವೇ ತೆರೆದುಕೊಳ್ಳುತ್ತಿದ್ದವು. ರಕ್ಷಣೆಯ ಹೊಣೆಯನ್ನು ದುಡಿಯುವವನ ಹೆಗಲಿಗೆ ಹಾಕದೆ ಯಂತ್ರದೊಳಗೇ ಇಡಬೇಕೆಂಬ ಆ ಮಹನೀಯರ ದೃಷ್ಟಿಯೇ ಇಲ್ಲಿನ ವಾದಕ್ಕೂ ಆಧಾರ.

ಕಂಪನದಿಂದ ಬೆರಳುಗಳು ಜೋಮುಹಿಡಿದು, ಚಳಿಯಲ್ಲಿ ರಕ್ತ ಸರಿಯದೆ ಬಿಳಿಚಿಕೊಳ್ಳುವ ರೋಗದ ಚರಿತ್ರೆ ಹಳೆಯದು. ಇಟಲಿಯ ಲೊರಿಗಾ 1911ರಲ್ಲಿ ಅದನ್ನು ವರದಿ ಮಾಡಿದರು; ಅಮೆರಿಕದ ಆಲಿಸ್ ಹ್ಯಾಮಿಲ್ಟನ್ 1918ರಲ್ಲಿ ಇಂಡಿಯಾನಾದ ಬೆಡ್‌ಫರ್ಡ್ ಸುಣ್ಣಕಲ್ಲಿನ ಕಲ್ಲುಕುಟಿಗರ ಕೈಗಳಲ್ಲಿ ಅದನ್ನು ಕಂಡು ದಾಖಲಿಸಿದರು. ಐರೋಪ್ಯ ಒಕ್ಕೂಟದ 2002ರ ನಿರ್ದೇಶನವು ಎಂಟು ಗಂಟೆಯ ದುಡಿಮೆಗೆ ಸರಿಹೊಂದಿಸಿದ ವೇಗೋತ್ಕರ್ಷಕ್ಕೆ, ಅಂದರೆ ವೇಗ ಬದಲಾಗುವ ದರಕ್ಕೆ, ಸೆಕೆಂಡಿನ ವರ್ಗಕ್ಕೆ 2.5 ಮೀಟರನ್ನು ಎಚ್ಚರಿಕೆಯ ಗೆರೆಯಾಗಿಯೂ 5 ಮೀಟರನ್ನು ಮೀರಬಾರದ ಗೆರೆಯಾಗಿಯೂ ಗೊತ್ತುಮಾಡಿದೆ. ಇವೆಲ್ಲ ಪಠ್ಯಪುಸ್ತಕಗಳಲ್ಲಿ ದೊರೆಯುವುದರಿಂದ ವಿಸ್ತರಿಸುವ ಅಗತ್ಯವಿಲ್ಲ.

ವಿವಾದವಿರುವುದು ಪರಿಹಾರದ ಕುರಿತು. ಇಂದು ಮಾರಾಟವಾಗುವ ಬಹುಪಾಲು ಕೈ ಉಪಕರಣಗಳ ಕವಚವನ್ನು ಗಾಜಿನ ಎಳೆ ಬೆರೆಸಿದ ನೈಲಾನಿನಿಂದ ಎರಕಹೊಯ್ದು, ಹಿಡಿಯುವ ಜಾಗದಲ್ಲಿ ಒಂದೆರಡು ಮಿಲಿಮೀಟರ್ ದಪ್ಪದ ರಬ್ಬರಿನಂಥ ಮೆತ್ತನೆಯ ಪದರವನ್ನು ಕೂರಿಸಲಾಗಿರುತ್ತದೆ. ಈ ಪದರವೇ ಕಂಪನವನ್ನು ತಡೆಯುತ್ತದೆ ಎಂಬ ನಂಬಿಕೆ ಅಂಗಡಿಯಲ್ಲಿ ಮಾತ್ರವಲ್ಲದೆ ವಿನ್ಯಾಸಕಾರರಲ್ಲಿಯೂ ಬೇರುಬಿಟ್ಟಿದೆ. ಅದು ತಪ್ಪೆಂಬುದನ್ನು ಸರಳ ಲೆಕ್ಕವೊಂದು ತೋರಿಸಿಕೊಡುತ್ತದೆ. ಸ್ಪ್ರಿಂಗಿನ ಮೇಲೆ ಕೂತ ಯಾವುದೇ ಭಾರಕ್ಕೆ ತಾನಾಗಿ ತೂಗಾಡುವ ಒಂದು ಸಹಜ ಕಂಪನಾಂಕವಿರುತ್ತದೆ. ಹೊರಗಿನಿಂದ ಬರುವ ಕಂಪನವು ಅದರ ಸುಮಾರು 1.4 ಪಟ್ಟನ್ನು ದಾಟಿದ ಮೇಲಷ್ಟೇ ಸ್ಪ್ರಿಂಗು ಅದನ್ನು ತಡೆಯಲಾರಂಭಿಸುತ್ತದೆ, ಅದಕ್ಕಿಂತ ಕೆಳಗೆ ತಡೆಯುವ ಬದಲು ಹಿಗ್ಗಿಸಲೂಬಹುದು. 3 ಮೆಗಾಪ್ಯಾಸ್ಕಲ್ ಸ್ಥಿತಿಸ್ಥಾಪಕಾಂಕದ, 2 ಮಿಲಿಮೀಟರ್ ದಪ್ಪದ ಪದರವನ್ನು ಅಂಗೈ 20 ಚದರ ಸೆಂಟಿಮೀಟರಿನಷ್ಟು ಒತ್ತಿದರೆ, ಆ ಪದರವು ಮಿಲಿಮೀಟರಿಗೆ 3,000 ನ್ಯೂಟನ್ ಬಿಗುವಿನ ಸ್ಪ್ರಿಂಗಾಗುತ್ತದೆ. ಕೈಯ ಭಾರದಲ್ಲಿ ಜೊತೆಗೂಡಿ ಅದುರುವ ಪಾಲನ್ನು ಉದಾರವಾಗಿ 1 ಕಿಲೋಗ್ರಾಂ ಎಂದು ಹಿಡಿದರೂ ಸಹಜ ಕಂಪನಾಂಕ 275 ಹರ್ಟ್ಸ್‌ಗೆ ಏರಿ, ತಡೆ ಶುರುವಾಗುವುದು 390 ಹರ್ಟ್ಸ್‌ನ ಆಸುಪಾಸಿನಲ್ಲಿ. ನಿಮಿಷಕ್ಕೆ 11,000 ಸುತ್ತು ತಿರುಗುವ ಗ್ರೈಂಡರಿನ ಚಕ್ರದ ಅಸಮತೋಲವು ಹುಟ್ಟಿಸುವ ಮುಖ್ಯ ಕಂಪನವಾದರೋ 183 ಹರ್ಟ್ಸ್‌ನದು. ಕಾಂಕ್ರೀಟು ಕೊರೆಯುವ ಹ್ಯಾಮರ್ ಯಂತ್ರವು ನಿಮಿಷಕ್ಕೆ 4,500 ಬಾರಿ ಬಡಿದರೆ ಅದರ ಕಂಪನ 75 ಹರ್ಟ್ಸ್ ಮಾತ್ರ. ಎರಡನ್ನೂ ಆ ಪದರ ಮುಟ್ಟಲಾರದು. ಅದು ಕೈಜಾರದಂತೆ ನೋಡಿಕೊಳ್ಳುತ್ತದೆ, ಕಿರುಗುಟ್ಟುವ ಮೇಲುಕಂಪನಗಳನ್ನು ಒಂದಿಷ್ಟು ತಗ್ಗಿಸುತ್ತದೆ. ಅದಕ್ಕೆ ಸಲ್ಲಬೇಕಾದ ಶ್ರೇಯಸ್ಸು ಅಷ್ಟೇ.

ಕೆಲಸಮಾಡುವ ಪರಿಹಾರವೆಂದರೆ ಒಡಲನ್ನೇ ಎರಡಾಗಿ ಸೀಳುವುದು: ಮೋಟಾರು, ಗೇರು, ಬಡಿತದ ಭಾಗಗಳೆಲ್ಲ ಒಳಗಿನ ಅದುರುವ ಒಡಲಿನಲ್ಲಿ; ಹಿಡಿಕೆ ಮತ್ತು ಸ್ವಿಚ್ಚು ಹೊರಗಿನ ಶಾಂತ ಒಡಲಿನಲ್ಲಿ; ನಡುವೆ ಸ್ಪ್ರಿಂಗು. ಹಿಡಿಕೆಯ ಮತ್ತು ಕೈಯ ಪಾಲು ಸೇರಿ 1 ಕಿಲೋಗ್ರಾಂ ಇದ್ದು, ಸ್ಪ್ರಿಂಗಿನ ಬಿಗುವು ಮಿಲಿಮೀಟರಿಗೆ 25 ನ್ಯೂಟನ್ ಇದ್ದರೆ, ಸಹಜ ಕಂಪನಾಂಕ 25 ಹರ್ಟ್ಸ್‌ಗೆ ಇಳಿದು, ಹ್ಯಾಮರಿನ 75 ಹರ್ಟ್ಸ್ ಬಡಿತದಲ್ಲಿ ಲೆಕ್ಕದ ಪ್ರಕಾರ ಎಂಟರಲ್ಲೊಂದು ಪಾಲು ಮಾತ್ರ ಕೈಗೆ ದಾಟುತ್ತದೆ. ತೋಳಿನ ಸ್ನಾಯುಗಳೂ ಕೀಲುಗಳ ಘರ್ಷಣೆಯೂ ಈ ಲಾಭವನ್ನು ಕುಗ್ಗಿಸುವುದು ನಿಜವಾದರೂ, ದಿಕ್ಕು ಬದಲಾಗದು.

ಇದಕ್ಕೆ ಎದುರಾಗಿ ಬರುವ ಆಕ್ಷೇಪವೊಂದನ್ನು ಗೌರವದಿಂದಲೇ ತೂಗಬೇಕು. 100 ನ್ಯೂಟನ್ ಬಲದಿಂದ ಒತ್ತಿದಾಗ ಅಂಥ ಹಿಡಿಕೆ 4 ಮಿಲಿಮೀಟರ್ ಕುಸಿಯುತ್ತದೆ. ಕುಶಲಕರ್ಮಿಗೆ ಉಪಕರಣ ಸಡಿಲವೆನಿಸಿ, ಆತ ಇನ್ನಷ್ಟು ಒತ್ತುತ್ತಾನೆ, ಸ್ಪ್ರಿಂಗು ತಳಕ್ಕೆ ತಾಗುತ್ತದೆ, ಕಂಪನವೆಲ್ಲ ನೇರ ಕೈಗೆ ಬರುತ್ತದೆ. ಆಕ್ಷೇಪ ಸರಿ, ಆದರೆ ಅದರಿಂದ ಗಟ್ಟಿ ಹಿಡಿಕೆಗೇ ಮರಳಬೇಕೆಂದು ತೀರ್ಮಾನಿಸುವುದು ಸರಿಯಲ್ಲ. ಒತ್ತುವ ದಿಕ್ಕಿನಲ್ಲಿ ಮೆತ್ತಗೂ ಅಡ್ಡದಿಕ್ಕಿನಲ್ಲಿ ಬಿಗಿಯಾಗಿಯೂ ಇರುವ ಕೀಲು, ಒತ್ತಿದಷ್ಟೂ ಬಿಗುವು ಏರುವ ಸ್ಪ್ರಿಂಗು, ಸಂದಿಗೆ ಕಲ್ಲಿನ ಧೂಳು ತುಂಬಿ ಕಟ್ಟಿಕೊಳ್ಳದಂತೆ ಮಡಿಕೆಯ ರಬ್ಬರ್ ಮುಸುಕು — ಇವು ಮೂರನ್ನೂ ಕವಚದ ಮೊದಲ ನಕ್ಷೆಯಲ್ಲೇ ಬರೆಯಬೇಕಾಗುತ್ತದೆ. ಅಚ್ಚು ಸಿದ್ಧವಾದ ಮೇಲೆ ಅಂಟಿಸಲಾಗದು.

ಭಾರ ಹೆಚ್ಚಿಸಿದರೆ ಕಂಪನ ತಗ್ಗುತ್ತದೆ ಎನ್ನುವವರ ವಾದ ಭೌತಶಾಸ್ತ್ರಕ್ಕೆ ವಿರುದ್ಧವಲ್ಲ, ದುಡಿಯುವ ದೇಹಕ್ಕೆ ವಿರುದ್ಧ: ಭಾರವಾದುದನ್ನು ಕೈ ಬಿಗಿಯಾಗಿ ಹಿಡಿಯುತ್ತದೆ, ಬಿಗಿಹಿಡಿತದಲ್ಲಿ ಕಂಪನ ಹೆಚ್ಚು ಸುಲಭವಾಗಿ ತೋಳಿಗೆ ಏರುತ್ತದೆ. ಕೈಗವಸನ್ನೇ ನೆಚ್ಚಿದವರ ವಾದ ಇನ್ನೂ ದುರ್ಬಲ. ಸುಮಾರು 150 ಹರ್ಟ್ಸ್‌ಗಿಂತ ಕೆಳಗಿನ ಕಂಪನವನ್ನು ಅವು ಅಷ್ಟಾಗಿ ತಗ್ಗಿಸುವುದಿಲ್ಲ. ಈ ಚರ್ಚೆಗೆ ಫಿನ್ಲೆಂಡಿನ ಸುವೊಮುಸ್ಸಲ್ಮಿಯ ಮರಕಡಿಯುವವರ ಕೈಗಳೇ ಸಾಕ್ಷಿ. ಎಂಜಿನ್ನನ್ನು ಹಿಡಿಕೆಯ ಚೌಕಟ್ಟಿನಿಂದ ಬೇರ್ಪಡಿಸಿದ ಗರಗಸಗಳು ಬಂದ ಮೇಲೆ, ಅಲ್ಲಿ ಅಳೆದ ವೇಗೋತ್ಕರ್ಷ 14ರಿಂದ 2ಕ್ಕೆ ಇಳಿಯಿತು. 1972ರಲ್ಲಿ ನೂರಕ್ಕೆ 40 ಮಂದಿಯಲ್ಲಿದ್ದ ಬಿಳಿಬೆರಳು 1990ರ ಹೊತ್ತಿಗೆ 5 ಮಂದಿಯಲ್ಲಿ ಉಳಿಯಿತು.

ಅಳತೆಗೋಲನ್ನೂ ಪ್ರಶ್ನಿಸದೆ ಬಿಡಲಾಗದು. 2001ರ ಐಎಸ್‌ಒ 5349 ಮಾನಕವು ಏರುಕಂಪನಗಳ ತೂಕವನ್ನು ತಗ್ಗಿಸುತ್ತ ಹೋಗಿ, 183 ಹರ್ಟ್ಸ್‌ನ ಕಂಪನಕ್ಕೆ ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ ಬೆಲೆ ಕೊಡುತ್ತದೆ. ಬೆರಳಿನ ರಕ್ತನಾಳಗಳಿಗೆ ಏರುಕಂಪನವೂ ಅಪಾಯಕಾರಿಯೆಂಬ ವಾದಕ್ಕೆ ಮಣಿದು 2017ರಲ್ಲಿ ಪೂರಕ ವಿಧಾನವೊಂದು ಪ್ರಕಟವಾಯಿತಾದರೂ, ಪೆಟ್ಟಿಗೆಯ ಮೇಲೆ ಅಚ್ಚಾಗುವ ಸಂಖ್ಯೆ ಹಳೆಯ ತೂಕದ್ದೇ. ಗ್ರೈಂಡರಿನ ಸಣ್ಣ ಸಂಖ್ಯೆಯನ್ನು ಕ್ಷೇಮದ ಪ್ರಮಾಣಪತ್ರವೆಂದು ಓದುವುದು ತಪ್ಪು.

ಶಿವಾರಪಟ್ಟಣ ಮತ್ತು ಕಾರ್ಕಳದ ಶಿಲ್ಪಿಗಳಿಗೂ, ಜಿಗಣಿಯ ಗ್ರಾನೈಟ್ ಶೆಡ್ಡುಗಳಿಗೂ, ಪೀಣ್ಯ ಮತ್ತು ಬೆಳಗಾವಿಯ ಫೌಂಡ್ರಿಗಳಿಗೂ ಈ ಮಾತು ನೇರವಾಗಿ ತಟ್ಟುತ್ತದೆ. ಕಂಪನ ತಡೆಯುವ ಕೀಲು ಎಷ್ಟೋ ಗ್ರೈಂಡರುಗಳಲ್ಲಿ ಇರುವುದು ಅಡ್ಡಹಿಡಿಕೆಯ ಕತ್ತಿನಲ್ಲಿ ಮಾತ್ರ. ಇಕ್ಕಟ್ಟಿನ ಕೆಲಸಕ್ಕೆಂದು ಅದನ್ನು ಕಳಚಿಟ್ಟ ಕೂಡಲೇ ರಕ್ಷಣೆಯೂ ಕಳಚಿಹೋಗುತ್ತದೆ. ಖಡಕ್‌ವಾಸ್ಲಾದ ಬಾಗಿಲುಗಳನ್ನು ಕಟ್ಟಿದವರ ಹೆಸರಿನಲ್ಲಿ ಸೇರಿರುವ ಸಭೆಗೆ, ಕಳಚಲಾಗದ ಮುಖ್ಯ ಒಡಲಿನೊಳಗೇ ಆ ಕೀಲು ಇರಬೇಕೆಂಬುದನ್ನು ಒತ್ತಿ ಹೇಳಬೇಕಾಗಿಲ್ಲ. ಸಲಕರಣೆ ಕೊಳ್ಳುವ ಮೇಸ್ತ್ರಿಗಳಲ್ಲಿ ಮತ್ತು ಕಾರ್ಖಾನೆಯ ಖರೀದಿ ವಿಭಾಗಗಳಲ್ಲಿ ಒಂದು ವಿನಂತಿ: ಕೊಳ್ಳುವ ಮುನ್ನ ಯಂತ್ರವನ್ನು ಮೇಜಿನ ಮೇಲಿಟ್ಟು, ಹಿಂದಿನ ಹಿಡಿಕೆಯನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿ, ಅದು ಮೋಟಾರಿನ ಒಡಲಿನಿಂದ ಬೇರೆಯಾಗಿ ಮಿಸುಕುತ್ತದೆಯೇ ಎಂದು ನೋಡಬೇಕು.