ಎಸ್.ಎಸ್.ಎಲ್.ಸಿ. ನಂತರ ಮುಂದೇನು?

(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ವಿದ್ಯಾರ್ಥಿಗಳ ಹಾಗೂ ಪಾಲಕರ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಈ ದೇವಾಲಯವನ್ನು ಕಟ್ಟಲು ಹೊರಟಾಗ ಕಲ್ಲಿಗೆಷ್ಟು, ಸುಣ್ಣಕ್ಕೆಷ್ಟು, ಮರಕ್ಕೆಷ್ಟು ಎಂದು ಮೊದಲು ಲೆಕ್ಕ ಹಾಕಿದ್ದಿರಬೇಕು. ಗೋಪುರ ಕಟ್ಟಬೇಕೆನ್ನುವವನು ಮೊದಲು ಕುಳಿತು ಖರ್ಚಿನ ಲೆಕ್ಕ ನೋಡಬೇಕೆಂದು ಸಂತ ಲೂಕರ ಶುಭಸಂದೇಶದಲ್ಲಿ ಯೇಸುಸ್ವಾಮಿಯೇ ಬೋಧಿಸಿದ್ದಾರೆ. ಆದರೆ ಮಗುವಿನ ಬಾಳನ್ನು ಕಟ್ಟುವ ಸಂದರ್ಭದಲ್ಲಿ ನಾವು ಮಾಡುವುದೇನು? ಫಲಿತಾಂಶ ಬಂದ ವಾರದಲ್ಲಿಯೇ, ನೆರೆಮನೆಯವರ ಮಗ ಎಲ್ಲಿ ಸೇರಿದನೆಂದು ವಿಚಾರಿಸಿ, ಅಲ್ಲಿಗೇ ನಮ್ಮ ಮಗನನ್ನೂ ಸೇರಿಸಿ ಬರುತ್ತೇವೆ. ಈ ವಿಷಯದಲ್ಲಿ ನಾನು ಕಂಡು ನೊಂದಿರುವುದನ್ನು ತಮ್ಮ ಮುಂದಿಡಲು ಬಯಸುತ್ತೇನೆ.

ಮೊದಲು ನನ್ನ ಮನೆಯ ಮಾತು. ನನ್ನ ಅಣ್ಣ 1973ರಲ್ಲಿ ಎಸ್.ಎಸ್.ಎಲ್.ಸಿ.ಯಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದ. ನಮ್ಮದು ಮಳೆಯನ್ನೇ ನಂಬಿದ ರಾಗಿ ಹೊಲ. ಕಾಲೇಜಿಗೆ ಕಳುಹಿಸಲು ಹಣವಿಲ್ಲವೆಂದು ನಮ್ಮ ತಂದೆಯವರು ಹೇಳಿದರು. ಅಣ್ಣ ಮರುಮಾತಾಡದೆ ಗಾರೆ ಕೆಲಸಕ್ಕೆ ಹೋದ. ಜಿಲ್ಲಾ ಪಟ್ಟಣದಲ್ಲಿಯೇ ಕೈಗಾರಿಕಾ ತರಬೇತಿ ಸಂಸ್ಥೆಯೊಂದಿತ್ತು. ಎರಡು ವರ್ಷ ಅಲ್ಲಿ ಕಲಿತಿದ್ದರೆ ಅವನು ಕಾರ್ಖಾನೆ ಸೇರಬಹುದಾಗಿತ್ತು. ಅಂಥದೊಂದು ಇದೆಯೆಂಬುದೇ ನಮ್ಮ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಮೂರು ವರ್ಷಗಳ ನಂತರ ನಾನು ಗುರುಮಠವನ್ನು ಸೇರಿದೆ. ನನ್ನ ಓದಿನ ಭಾರವನ್ನು ಶ್ರೀಸಭೆ ಹೊತ್ತಿತು. ನನಗಿಂತ ಜಾಣನಾಗಿದ್ದ ಅಣ್ಣನಿಗೆ ದಾರಿ ತೋರಿಸುವವರಿರಲಿಲ್ಲ. ಈ ವ್ಯಥೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಎರಡನೆಯದು, ನಾನೇ ಮಾಡಿದ ತಪ್ಪು. ಕೆಲವು ವರ್ಷಗಳ ಹಿಂದೆ, ನಾನು ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ಒಬ್ಬ ತಂದೆ ಸಿಹಿ ಹಿಡಿದು ಬಂದರು. ಇಪ್ಪತ್ತು ಗುಂಟೆ ಜಮೀನು ಮಾರಿ, ಮೇಲೆ ಕೈಸಾಲವನ್ನೂ ಮಾಡಿ, ಮಗನಿಗೆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಕೊಡಿಸಿದ್ದರು. ನಾನು ಸಿಹಿ ತಿಂದು ಆಶೀರ್ವದಿಸಿದೆ. ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದ ಹುಡುಗನನ್ನು, "ನಿನಗೆ ಇದು ಇಷ್ಟವೇನಪ್ಪಾ?" ಎಂದು ಒಂದು ಮಾತು ಕೇಳಲಿಲ್ಲ. ಊರಿನ ಪಂಪ್‌ಸೆಟ್ಟುಗಳನ್ನು ಬಿಚ್ಚಿ ಜೋಡಿಸುವುದೆಂದರೆ ಅವನಿಗೆ ಪ್ರಾಣ. ಪುಸ್ತಕದ ಗಣಿತವೆಂದರೆ ಭಯ. ಎರಡನೆಯ ವರ್ಷದಲ್ಲಿ ಓದು ನಿಂತಿತು. ತರುವಾಯ ಅವನು ಐ.ಟಿ.ಐ. ಸೇರಿ ಮೋಟಾರ್ ರಿಪೇರಿಯ ಅಂಗಡಿ ಇಟ್ಟ. ಕೆಲಸದಲ್ಲಿ ಒಳ್ಳೆಯ ಹೆಸರಿದೆ. ಆದರೆ ಜಮೀನು ಹೋಯಿತು, ಸಾಲ ಉಳಿಯಿತು.

ಅಂದು ಅಣ್ಣನ ದಾರಿಯನ್ನು ತಡೆದದ್ದು ನಮ್ಮ ಅರಿವಿಲ್ಲದಿರುವಿಕೆ. ಈ ಹುಡುಗನನ್ನು ಕೆಡವಿದ್ದು ನಮ್ಮ ಪ್ರತಿಷ್ಠೆ. ಎರಡಕ್ಕೂ ಮದ್ದು ಒಂದೇ: ದಾರಿಗಳನ್ನು ತಿಳಿದುಕೊಂಡು, ಮಗುವನ್ನೂ ಕೂರಿಸಿಕೊಂಡು, ಲೆಕ್ಕ ಹಾಕುವುದು.

ಹತ್ತನೆಯ ತರಗತಿಯ ನಂತರ ನಮ್ಮ ರಾಜ್ಯದಲ್ಲಿ ಮೂರು ಮುಖ್ಯ ದಾರಿಗಳಿವೆ. ಒಂದು, ಎರಡು ವರ್ಷಗಳ ಪಿ.ಯು.ಸಿ. ಎರಡು, ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷಗಳ ಡಿಪ್ಲೊಮಾ. ಮೂರು, ಐ.ಟಿ.ಐ.; ಎಲೆಕ್ಟ್ರೀಷಿಯನ್, ಫಿಟ್ಟರ್ ಕಸುಬುಗಳಿಗೆ ಎರಡು ವರ್ಷ, ವೆಲ್ಡರ್ ಕಸುಬಿಗೆ ಒಂದು ವರ್ಷ. ಮೊದಲನೆಯದು ಮೇಲು, ಕೊನೆಯದು ಕೀಳು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈಗ ವರ್ಷಗಳ ಲೆಕ್ಕ ನೋಡಿ. ಪಿ.ಯು.ಸಿ. ಮಾಡಿ ಇಂಜಿನಿಯರ್ ಆಗಲು ಎರಡು ಮತ್ತು ನಾಲ್ಕು, ಒಟ್ಟು ಆರು ವರ್ಷ ಬೇಕು. ಡಿಪ್ಲೊಮಾ ಮಾಡಿದವನು ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೇ ಸೇರಬಹುದು. ಮೂರು ಮತ್ತು ಮೂರು, ಅದೂ ಆರೇ ವರ್ಷ. ಎರಡು ವರ್ಷದ ಐ.ಟಿ.ಐ. ಮಾಡಿದವನು, ಅರ್ಹತೆಯ ನಿಯಮಗಳಿಗೆ ಒಳಪಟ್ಟು, ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರಿ ಅಲ್ಲಿಂದ ಮುಂದುವರಿದರೆ ಏಳು ವರ್ಷ. ವ್ಯತ್ಯಾಸ ಒಂದೇ ವರ್ಷ! ಇದಕ್ಕಿಂತ ಮುಖ್ಯವಾದುದು, ಮಧ್ಯದಲ್ಲಿ ಮನೆಯಲ್ಲಿ ಕಷ್ಟ ಬಂದು ಓದು ನಿಂತರೂ, ಈ ಮಕ್ಕಳ ಕೈಯಲ್ಲಿ ಒಂದು ಕಸುಬು ಇರುತ್ತದೆ.

ಕಸುಬಿನ ಶಿಕ್ಷಣ ಹೊಸದೇನೂ ಅಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ತಮ್ಮ ಖರ್ಚನ್ನು ತೂಗಿಸಿದವರು; 1881ರಲ್ಲಿ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಇಂಜಿನಿಯರಿಂಗ್ ಕಲಿತವರು. ಮುಂದೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಅವರು ಯುವಕರಿಗೆ ಕಸುಬು ಕಲಿಸುವ ಸಂಸ್ಥೆಗೆ ಕೊಟ್ಟರು. ಅದೇ ಇಂದಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್. 1972ರಲ್ಲಿ ಡೆನ್ಮಾರ್ಕ್ ದೇಶದ ಸಹಕಾರದೊಂದಿಗೆ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು ಇಂದು ಮೈಸೂರಿನಲ್ಲಿಯೂ ಇದೆ. ಇದಲ್ಲದೆ, 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಕಾರ್ಖಾನೆಯಲ್ಲಿ ತರಬೇತಿ ಪಡೆಯುವವರಿಗೆ ಕಲಿಯುವಾಗಲೇ ಮಾಸಿಕ ಭತ್ಯೆ ದೊರೆಯುತ್ತದೆ.

ಹಾಗೆಂದು ಎಲ್ಲರೂ ಐ.ಟಿ.ಐ.ಗೆ ಹೋಗಿರೆಂದು ನಾನು ಹೇಳುತ್ತಿಲ್ಲ. ವೈದ್ಯ ವಿದ್ಯೆಗೂ ಬಿ.ಎಸ್ಸಿ. ನರ್ಸಿಂಗ್‌ಗೂ ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರವಿರುವ ವಿಜ್ಞಾನ ವಿಭಾಗ ಬೇಕು. ಅದನ್ನು ಬಿಟ್ಟು ಅನಂತರ ಪರಿತಪಿಸಿ ಫಲವಿಲ್ಲ. ಆದರೆ ಮೂರು ವರ್ಷದ ಜಿ.ಎನ್.ಎಂ. ನರ್ಸಿಂಗ್‌ಗೆ ಕಲಾ ಹಾಗೂ ವಾಣಿಜ್ಯ ವಿಭಾಗದವರೂ ಸೇರಬಹುದು. ವಾಣಿಜ್ಯ ಓದಿ ಲೆಕ್ಕದಲ್ಲಿ ಗಟ್ಟಿಯಿರುವ ಮಗು ಚಾರ್ಟರ್ಡ್ ಅಕೌಂಟೆಂಟ್ ಆಗಬಯಸಿದರೆ, 2023ರ ಹೊಸ ಕ್ರಮದಂತೆ ಎರಡು ವರ್ಷಗಳ ಪ್ರಾಯೋಗಿಕ ತರಬೇತಿಯಿದೆ. ಆ ಅವಧಿಯಲ್ಲಿ ಭತ್ಯೆಯೂ ಉಂಟು. ದುಡಿಯುತ್ತಲೇ ಪದವಿ ಪಡೆಯಬೇಕೆನ್ನುವವರಿಗೆ 1996ರಲ್ಲಿ ಸ್ಥಾಪನೆಯಾದ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ.

ಇನ್ನು ಹಣದ ವಿಚಾರ. ನಾಲ್ಕು ಲಕ್ಷ ರೂಪಾಯಿ ಬೇಕಾಯಿತೆಂದು ಭಾವಿಸೋಣ. ನಮ್ಮ ಹಳ್ಳಿಗಳ ರೂಢಿಯಂತೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಗೆ ಕೈಸಾಲ ತಂದರೆ, ತಿಂಗಳಿಗೆ 12,000 ರೂಪಾಯಿ ಬಡ್ಡಿಯೇ ಆಯಿತು; ಅಸಲು ಇದ್ದಲ್ಲೇ ಇರುತ್ತದೆ. ಅದೇ ಬ್ಯಾಂಕಿನ ಶಿಕ್ಷಣ ಸಾಲವನ್ನು ವರ್ಷಕ್ಕೆ ನೂರಕ್ಕೆ ಹತ್ತರ ಬಡ್ಡಿಯಲ್ಲಿ, ವರ್ಷಕ್ಕೊಂದು ಲಕ್ಷದಂತೆ ನಾಲ್ಕು ವರ್ಷ ಪಡೆದರೆ, ಓದು ಮುಗಿದು ಒಂದು ವರ್ಷದವರೆಗೆ ಸೇರುವ ಸರಳ ಬಡ್ಡಿ 1,40,000. ಒಟ್ಟು 5,40,000 ರೂಪಾಯಿಗಳನ್ನು ಹತ್ತು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 7,100 ರೂಪಾಯಿ ಕಂತು. ಓದುವ ಕಾಲದಲ್ಲಿಯೇ ಬಡ್ಡಿಯನ್ನು ಕಟ್ಟುತ್ತಾ ಬಂದರೆ ಈ ಕಂತು ಸುಮಾರು 5,300ಕ್ಕೆ ಇಳಿಯುತ್ತದೆ. ಆದಕಾರಣ ಪಾಲಕರು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಈ ಓದಿನಿಂದ ಸಿಗಬಹುದಾದ ಮೊದಲ ಸಂಬಳ ಈ ಕಂತನ್ನು ಕಟ್ಟಿ, ಊಟ ಬಾಡಿಗೆಗೂ ಉಳಿಯುವಷ್ಟು ಇದೆಯೇ? ಇಲ್ಲವಾದರೆ ಕಾಲೇಜನ್ನಾದರೂ ಬದಲಿಸಬೇಕು, ದಾರಿಯನ್ನಾದರೂ ಬದಲಿಸಬೇಕು. 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಅನುಮೋದಿಸಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಉತ್ತಮ ಸಂಸ್ಥೆಗಳಲ್ಲಿ ಪ್ರವೇಶ ಪಡೆದವರಿಗೆ ಜಾಮೀನಿಲ್ಲದೆ ಸಾಲ ದೊರೆಯುತ್ತದೆ. ಸಾಲಕ್ಕೆ ಮೊದಲು ವಿದ್ಯಾರ್ಥಿವೇತನವನ್ನು ವಿಚಾರಿಸಿರಿ. ಅಲ್ಪಸಂಖ್ಯಾತರಾದ ನಮ್ಮ ಮಕ್ಕಳಿಗೆ ವೃತ್ತಿಪರ ಶಿಕ್ಷಣಕ್ಕಾಗಿ "ಅರಿವು" ಸಾಲ ಯೋಜನೆಯೂ ಇದೆ.

ಇಲ್ಲಿ ಒಂದು ಸಣ್ಣ, ಆದರೆ ಬಹಳ ಮಕ್ಕಳಿಗೆ ತೊಡಕಾಗಿರುವ ವಿಷಯವನ್ನು ಹೇಳಲೇಬೇಕು. ಜ್ಞಾನಸ್ನಾನದ ದಾಖಲೆಯಲ್ಲಿ ಇನ್ನಾಸಿ, ಶಾಲೆಯಲ್ಲಿ ಇಗ್ನೇಷಿಯಸ್, ಆಧಾರ್ ಚೀಟಿಯಲ್ಲಿ ಇನ್ನೊಂದು ಕಾಗುಣಿತ! ಹೀಗಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆ. ಹೆಸರನ್ನು ಈಗಲೇ ಸರಿಪಡಿಸಿಕೊಳ್ಳಿ. ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರವನ್ನು ಮೊದಲೇ ಪಡೆದಿಟ್ಟುಕೊಳ್ಳಿ. ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ನೋಡಿರಿ.

ತಾಯಂದಿರಿಗೆ ಒಂದು ವಿನಂತಿ. ಮಗಳ ಮದುವೆಗೆಂದು ಒಡವೆ ಕೂಡಿಡುವಿರಿ. ಅವಳ ಓದಿಗೆ ಹಣವಿಲ್ಲವೆನ್ನುವಿರಿ. ಒಡವೆ ಕಷ್ಟಕಾಲದಲ್ಲಿ ಅಡವಿಗೆ ಹೋಗುತ್ತದೆ. ಕಲಿತ ವಿದ್ಯೆಯನ್ನು ಯಾರೂ ಅಡವಿಟ್ಟುಕೊಳ್ಳಲಾರರು.

ಮಕ್ಕಳೇ, ನಿಮ್ಮ ಇಷ್ಟವನ್ನು ಮನೆಯಲ್ಲಿ ಗೌರವದಿಂದ, ಆದರೆ ಬಾಯಿಬಿಟ್ಟು ಹೇಳಿರಿ. ಅದರ ಖರ್ಚೆಷ್ಟೆಂಬುದನ್ನೂ ನೀವೇ ವಿಚಾರಿಸಿ ತನ್ನಿ. ಅನುತ್ತೀರ್ಣರಾದವರು ಧೈರ್ಯಗೆಡಬೇಡಿ, ಅದೇ ವರ್ಷ ಮತ್ತೆ ಬರೆಯುವ ಅವಕಾಶವಿದೆ. ಅಂಕ ಎಷ್ಟೇ ಬಂದಿರಲಿ, ಮನೆಗೆ ಹೋಗಲು ಮುಜುಗರವಾದರೆ ಗುರುಗಳ ಮನೆಯ ಬಾಗಿಲು ತೆರೆದಿರುತ್ತದೆ.

ಪಾಲಕರೇ, ಫಲಿತಾಂಶಕ್ಕೆ ಮೊದಲು ಒಂದು ಸಂಜೆ, ಜಪಮಾಲೆಯ ನಂತರ, ಕಾಗದ ಲೇಖನಿ ಹಿಡಿದು ಮಕ್ಕಳೊಡನೆ ಕುಳಿತುಕೊಳ್ಳಿ. ಆ ಕಾಗದವನ್ನು ನನ್ನಲ್ಲಿಗೂ ತನ್ನಿ. ಅಂದು ಆ ಹುಡುಗನನ್ನು ಕೇಳದೇ ಹೋದ ಪ್ರಶ್ನೆಯನ್ನು ಈ ಸಲ ನಾನು ಕೇಳದೆ ಬಿಡುವುದಿಲ್ಲ.

ಭಗವಂತನು ತಮ್ಮೆಲ್ಲರನ್ನೂ ಆಶೀರ್ವದಿಸಲಿ.