ಹನ್ನೊಂದು ತಿಂಗಳ ಕರಾರು, ಹತ್ತು ತಿಂಗಳ ಅಡ್ವಾನ್ಸು

ಕೆಂಗೇರಿಯಲ್ಲೋ ಯಲಹಂಕದಲ್ಲೋ ಫ್ಲ್ಯಾಟು ಹುಡುಕುವವರು ಬಾಡಿಗೆಗಿಂತ ಹೆಚ್ಚು ಹೆದರುವುದು ಅಡ್ವಾನ್ಸಿಗೆ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಬೆಂಗಳೂರಿನ ಹಳೆಯ ರೂಢಿ. ಈಗ ಕೆಲವರು ಐದಾರು ತಿಂಗಳಿಗೆ ಒಪ್ಪುತ್ತಾರೆ, ಅಷ್ಟೆ. ಕರಾರಿನ ಅವಧಿಯಾದರೂ ಎಷ್ಟು? ಹನ್ನೊಂದು ತಿಂಗಳು. ಒಂದು ವರ್ಷ ಮೀರಿದ ಬಾಡಿಗೆ ಕರಾರಿಗೆ 1908ರ ನೋಂದಣಿ ಕಾಯ್ದೆಯಂತೆ ನೋಂದಣಿ ಕಡ್ಡಾಯ, ಆ ಖರ್ಚು ಯಾರಿಗೂ ಬೇಡ. ಅಂದರೆ ಕರಾರಿನ ಹೆಚ್ಚುಕಡಿಮೆ ಇಡೀ ಬಾಡಿಗೆ ಮೊದಲ ದಿನವೇ ಮಾಲೀಕರ ಕೈಯಲ್ಲಿರುತ್ತದೆ, ಪ್ರತಿ ತಿಂಗಳ ಬಾಡಿಗೆ ಬೇರೆ! ಇದನ್ನು ಭದ್ರತೆ ಎನ್ನುವುದಕ್ಕಿಂತ ಬಡ್ಡಿಯಿಲ್ಲದ ಸಾಲ ಎನ್ನುವುದೇ ಸರಿ. ಇಪ್ಪತ್ತು ಸಾವಿರದ ಮನೆಗೆ ಎರಡು ಲಕ್ಷ ಕೊಟ್ಟವರು, ಶೇಕಡಾ 6ರ ಲೆಕ್ಕದಲ್ಲೂ, ತಿಂಗಳಿಗೆ ಸಾವಿರ ರೂಪಾಯಿ ಬಡ್ಡಿ ಕಳೆದುಕೊಳ್ಳುತ್ತಾರೆ.

ಬಾಡಿಗೆದಾರರು ಮನೆ ಬಿಡದಿದ್ದರೆ ಏನು ಗತಿ ಎಂದು ಮಾಲೀಕರು ಕೇಳಬಹುದು. ನಿವೃತ್ತಿಯ ಹಣ ಸುರಿದು ಫ್ಲ್ಯಾಟು ಕೊಂಡವರ ಈ ಅಂಜಿಕೆ ಸುಳ್ಳಲ್ಲ. ಆದರೆ ಅದರ ಮೂಲ ಕೋರ್ಟಿನ ವಿಳಂಬ. ದೊಡ್ಡ ಅಡ್ವಾನ್ಸು ಅದಕ್ಕೆ ಮದ್ದಲ್ಲ. ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮುಂಗಡದ ಮಿತಿ ಹಾಕಿತು. ಅವಧಿ ಮುಗಿದರೂ ಬಿಡದವರಿಗೆ ಮೊದಲ ಎರಡು ತಿಂಗಳು ಇಮ್ಮಡಿ, ಆಮೇಲೆ ನಾಲ್ಕು ಪಟ್ಟು ಬಾಡಿಗೆ ಎಂದಿತು. ಇಬ್ಬರಿಗೂ ನ್ಯಾಯವೇ. ಆದರೆ ಅದು ಮಾದರಿ ಮಾತ್ರ, ರಾಜ್ಯಗಳು ಒಪ್ಪಿಕೊಳ್ಳಬೇಕು. ಅಲ್ಲಿಯವರೆಗೆ, ಕೇಳುಗರೇ, ಮನೆ ಬಿಡುವಾಗ ಅಡ್ವಾನ್ಸಿನಲ್ಲಿ ಪೇಂಟಿಂಗಿಗೆ ಎಷ್ಟು ಹಿಡಿಯುತ್ತಾರೆಂದು ಕರಾರಿನಲ್ಲಿ ಬರೆಸದೆ ಸಹಿ ಹಾಕಬೇಡಿ.