ಲೆಕ್ಕದಲ್ಲಿ ಮುಂದಾದ ಮಕ್ಕಳನ್ನು ಆರಿಸುವ ಬಗೆ

ಪ್ರಾಥಮಿಕ ಶಾಲೆಯ ಯಾವುದಾದರೊಂದು ತರಗತಿಯಲ್ಲಿ ಅರ್ಧ ಗಂಟೆ ಕುಳಿತು ನೋಡಿದವರಿಗೆ ಒಂದು ಸಂಗತಿ ಕಾಣದೆ ಇರದು. ಉಪಾಧ್ಯಾಯರು ಹಲಗೆಯ ಮೇಲೆ ಒಂದು ಲೆಕ್ಕವನ್ನು ಬರೆಯುತ್ತಾರೆ. ಅವರು ಸೀಮೆಸುಣ್ಣವನ್ನು ಕೆಳಗಿಡುವುದರೊಳಗೆ ಇಬ್ಬರು ಮೂವರು ಉತ್ತರವನ್ನು ಕಂಡುಕೊಂಡು ಕಿಟಕಿಯಾಚೆ ನೋಡತೊಡಗುತ್ತಾರೆ. ಬಹುಮಂದಿ ಬೆರಳೆಣಿಸುತ್ತ ಹಿಂದೆ ಬರುತ್ತಾರೆ. ಕೆಲವರು ಬರುವುದೇ ಇಲ್ಲ. ಹಿಂದುಳಿದವರ ವಿಷಯದಲ್ಲಿ ನಮಗೆಲ್ಲ ಕನಿಕರವುಂಟು. ಆದರೆ ಕಿಟಕಿಯಾಚೆ ನೋಡುವ ಆ ಇಬ್ಬರು ಮೂವರೂ ದಿನಕ್ಕೆ ಇಷ್ಟಿಷ್ಟು ಕಾಲವನ್ನು ಕಳೆದುಕೊಳ್ಳುತ್ತಿದ್ದಾರೆ ಎಂಬುದನ್ನು ಅಷ್ಟಾಗಿ ಯಾರೂ ಚಿಂತಿಸುವುದಿಲ್ಲ. ಇಂಥವರನ್ನು ಬೇರೆಯಾಗಿ ಕೂಡಿಸಿ, ಮುಂದಿನ ಪಾಠವನ್ನು ಬೇಗನೆ ಹೇಳಿಕೊಡಬೇಕೆಂಬುದು ಯುಕ್ತವಾದ ಮಾತೇ. ಕಷ್ಟವಿರುವುದು ಆ ಮಾತಿನಲ್ಲಲ್ಲ, ಆರಿಸುವುದರಲ್ಲಿ. ಯಾರನ್ನು ಆರಿಸಬೇಕು, ಯಾವ ಅಳತೆಯಿಂದ ಆರಿಸಬೇಕು ಎಂಬ ಎರಡು ಪ್ರಶ್ನೆಗಳನ್ನು ಇಂದು ತಮ್ಮ ಮುಂದಿಡುತ್ತೇವೆ. ಈ ವಿಷಯದಲ್ಲಿ ಮಾತನಾಡಲು ನಮಗಿರುವ ಅಧಿಕಾರವಾದರೋ ಒಂದೇ: ನಾವೇ ಒಮ್ಮೆ ತಪ್ಪು ಮಾಡಿದ್ದೇವೆ.

ಕೆಲವು ವರ್ಷಗಳ ಹಿಂದೆ ನಾವು ದಾವಣಗೆರೆಯಿಂದ ಹರಿಹರಕ್ಕೆ ಪ್ರತಿ ಭಾನುವಾರ ಹೋಗಿ, ಅಲ್ಲಿನ ಒಂದು ಶಾಲೆಯ ಐದನೆಯ ತರಗತಿಯ ಮಕ್ಕಳಿಗೆ ಬೆಳಗ್ಗೆ ಎರಡು ಗಂಟೆಗಳ ಕಾಲ ಗಣಿತ ಹೇಳುವುದೆಂದು ಗೊತ್ತಾಯಿತು. ಬರಲು ಇಷ್ಟಪಟ್ಟವರು ಅರವತ್ತು ಮಂದಿ. ಸ್ಥಳವಿದ್ದದ್ದು ಹದಿನೈದು ಮಂದಿಗೆ. ಇಪ್ಪತ್ತು ಪ್ರಶ್ನೆಗಳ ಒಂದು ಹಾಳೆಯನ್ನು ಕೊಟ್ಟು, ಹತ್ತು ನಿಮಿಷಗಳ ಕಾಲವನ್ನು ಗೊತ್ತುಮಾಡಿದೆವು. ಹೆಚ್ಚು ಉತ್ತರ ಬರೆದ ಹದಿನೈದು ಮಂದಿಯನ್ನು ಆರಿಸಿದೆವು. ಮಿಕ್ಕವರನ್ನು ಒಳ್ಳೆಯ ಮಾತು ಹೇಳಿ ಕಳುಹಿಸಿದೆವು. ನಿಷ್ಪಕ್ಷಪಾತವಾಗಿ ನಡೆದುಕೊಂಡೆವೆಂಬ ತೃಪ್ತಿಯೂ ನಮಗಾಯಿತು.

ಆ ವರ್ಷದ ಕಾರ್ತಿಕಮಾಸದಲ್ಲಿ ಒಂದು ಸೋಮವಾರ ಹರಿಹರೇಶ್ವರನ ದೇವಾಲಯಕ್ಕೆ ಹೋಗಿದ್ದೆವು. ಬಾಗಿಲ ಬಳಿ ಹೂವು ಮಾರುತ್ತಿದ್ದ ತಾಯಿಯ ಪಕ್ಕದಲ್ಲಿ ಒಬ್ಬ ಹುಡುಗಿ ಕುಳಿತಿದ್ದಳು. ಹೂವು ಮಾರಿಗೆ 60 ರೂಪಾಯಿ. ಕೊಳ್ಳಲು ಬಂದ ಹೆಂಗಸೊಬ್ಬರು, “ಐವತ್ತೇ ರೂಪಾಯಿ ಐತಿ, ಎಷ್ಟು ಬರ್ತತಿ ಹೇಳವ್ವ” ಎಂದರು. ಹುಡುಗಿ ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅನಂತರ, “ಮೂರು ಮೊಳ ಬರ್ತತಿ ಅಮ್ಮಾರೆ. ಮ್ಯಾಲೆ ಒಂದು ಗೇಣು ಮೂರು ಪಾಲು ಮಾಡಿದ್ರೆ ಎರಡು ಪಾಲು” ಎಂದಳು. ಮಾರಿಗೆ ನಾಲ್ಕು ಮೊಳ, ಮೊಳಕ್ಕೆ ಎರಡು ಗೇಣು. ಶ್ರೋತೃಗಳು ಬೇಕಾದರೆ ಕಾಗದದ ಮೇಲೆ ಮಾಡಿ ನೋಡಬಹುದು. ಉತ್ತರ ಕೂದಲೆಳೆಯಷ್ಟೂ ತಪ್ಪಿಲ್ಲ. ಭಿನ್ನರಾಶಿಯ ಈ ಬಗೆಯ ತಿಳಿವಳಿಕೆ ಕಾಲೇಜಿಗೆ ಬರುವ ಎಷ್ಟೋ ಮಂದಿಯಲ್ಲಿ ನಾವು ಕಂಡಿಲ್ಲ.

ಮುಖವನ್ನು ಎಲ್ಲಿಯೋ ಕಂಡಂತಿತ್ತು. ವಿಚಾರಿಸಲಾಗಿ, ನಾವು ಹಿಂದಕ್ಕೆ ಕಳುಹಿಸಿದ ನಲವತ್ತೈದು ಮಂದಿಯಲ್ಲಿ ಅವಳೊಬ್ಬಳೆಂದು ತಿಳಿಯಿತು. ಮನೆಗೆ ಬಂದು ಹಳೆಯ ಹಾಳೆಗಳ ಕಟ್ಟನ್ನು ಬಿಚ್ಚಿ ನೋಡಿದೆವು. ಅವಳು ಇಪ್ಪತ್ತರಲ್ಲಿ ಆರು ಲೆಕ್ಕಗಳನ್ನು ಮಾತ್ರ ಮಾಡಿದ್ದಳು. ಆರೂ ಸರಿಯಾಗಿದ್ದವು. ನಾವು ಆರಿಸಿಕೊಂಡವರಲ್ಲಿ ಒಬ್ಬನು ಹದಿನೆಂಟನ್ನು ಬರೆದು ಒಂಬತ್ತನ್ನು ತಪ್ಪಿದ್ದನು. ಮುಂದಿನ ವಾರ ಅವಳನ್ನು ಕಂಡು ಕೇಳಿದಾಗ ಅವಳು ಹೇಳಿದ್ದು ಇಷ್ಟೆ: “ಬರ್ತಿತ್ರಿ ಸಾರ್, ಅಷ್ಟರಾಗ ನೀವು ಹಾಳೆ ಇಸ್ಕಂಡ್ರಿ.”

ನಾವು ಅಳೆದದ್ದು ವೇಗವನ್ನು. ಅಳೆದೆವೆಂದು ತಿಳಿದುಕೊಂಡದ್ದು ಬುದ್ಧಿಯನ್ನು. ಈ ಎರಡೂ ಕೆಲವು ಮಕ್ಕಳಲ್ಲಿ ಒಟ್ಟಿಗೆ ಇರುತ್ತವೆ, ಕೆಲವರಲ್ಲಿ ಇರುವುದಿಲ್ಲ. ಮಗ್ಗಿಯನ್ನು ಥಟ್ಟನೆ ಒಪ್ಪಿಸುವ ಬಾಲಕ ಅಭ್ಯಾಸವುಳ್ಳವನು, ಅಭ್ಯಾಸ ಬೇಕಾದದ್ದೇ. ಆದರೆ ಕಂಡರಿಯದ ಲೆಕ್ಕವೊಂದು ಎದುರಾದಾಗ ಅದನ್ನು ಮಗುಚಿ ಹಾಕಿ, ದಾರಿಯನ್ನು ತಾನೇ ಕಂಡುಕೊಳ್ಳುವ ಶಕ್ತಿ ಬೇರೆ. ಮುಂದಿನ ಗಣಿತಕ್ಕೆ ಹೆಚ್ಚಾಗಿ ಬೇಕಾದದ್ದು ಅದು.

ಇದು ನಮ್ಮೊಬ್ಬರ ಸಣ್ಣ ತರಗತಿಯ ಮಾತಾಗಿದ್ದರೆ ಇಲ್ಲಿ ಹೇಳಬೇಕಾಗಿರಲಿಲ್ಲ. ನಮ್ಮ ಜಿಲ್ಲೆಯ ಮಕ್ಕಳ ಪಾಲಿಗೆ ಇದಕ್ಕಿಂತ ಬಹಳ ದೊಡ್ಡದಾದ ಒಂದು ಆಯ್ಕೆಯುಂಟು. ಗ್ರಾಮಾಂತರದ ಪ್ರತಿಭಾವಂತ ಮಕ್ಕಳಿಗೆ, ಮನೆಯ ಸ್ಥಿತಿಗತಿ ಏನೇ ಇರಲಿ, ಒಳ್ಳೆಯ ವಿದ್ಯೆ ದೊರೆಯಬೇಕೆಂಬುದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಆಶಯ. ಅದರಂತೆ ಬೆಳೆದ ಜವಾಹರ ನವೋದಯ ವಿದ್ಯಾಲಯಗಳಲ್ಲಿ ನಮ್ಮ ಜಿಲ್ಲೆಯದು ಚನ್ನಗಿರಿ ತಾಲ್ಲೂಕಿನ ದೇವರಹಳ್ಳಿಯಲ್ಲಿದೆ. ಆರನೆಯ ತರಗತಿಗೆ ಹೆಚ್ಚೆಂದರೆ 80 ಮಂದಿಗೆ ಪ್ರವೇಶ. ಕಡೆಯ ಪಕ್ಷ ನೂರಕ್ಕೆ 75 ಸ್ಥಾನಗಳು ಗ್ರಾಮಾಂತರದವರಿಗೆ, ಮೂರರಲ್ಲೊಂದು ಪಾಲು ಬಾಲಕಿಯರಿಗೆ. ಪರೀಕ್ಷೆಯ ಕಾಲ ಎರಡು ಗಂಟೆ, ಪ್ರಶ್ನೆಗಳು 80, ಅಂಕಗಳು 100. ಅದರಲ್ಲಿ ಅಂಕಗಣಿತಕ್ಕೆ 20 ಪ್ರಶ್ನೆಗಳು, ಅರ್ಧ ಗಂಟೆಯ ಕಾಲ. ಮಗು ಈ ಪರೀಕ್ಷೆಗೆ ಜೀವಮಾನದಲ್ಲಿ ಒಂದೇ ಸಲ ಕೂಡಬಹುದು. ಬಡವರ ಮಕ್ಕಳೆಷ್ಟೋ ಮಂದಿಗೆ ಈ ವಿದ್ಯಾಲಯಗಳು ಮೇಲಿನ ದಾರಿಯನ್ನು ತೆರೆದಿವೆ. ಸಂಸ್ಥೆಯನ್ನು ಆಕ್ಷೇಪಿಸುವುದು ನಮ್ಮ ಉದ್ದೇಶವಲ್ಲ. ಒಂದು ದಿನದ ಎರಡು ಗಂಟೆಗಳ ಅಳತೆ ಎಷ್ಟು ಭಾರವನ್ನು ಹೊರಬಲ್ಲದು ಎಂಬುದಷ್ಟೇ ನಮ್ಮ ವಿಚಾರ.

ಸ್ವಲ್ಪ ಲೆಕ್ಕ ಹಾಕೋಣ. ಪ್ರತಿ ಪ್ರಶ್ನೆಗೆ 1.25 ಅಂಕ, ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸಬೇಕು, ತಪ್ಪಿದರೆ ಅಂಕವನ್ನು ಕಳೆಯುವುದಿಲ್ಲ. ಸಮಾನವಾದ ತಿಳಿವಳಿಕೆಯುಳ್ಳ ನೂರು ಮಕ್ಕಳಿದ್ದಾರೆ, ಪ್ರತಿಯೊಬ್ಬರಿಗೂ ನಾಲ್ಕು ಪ್ರಶ್ನೆಗಳು ತಿಳಿಯದೆ ಕಣ್ಣುಮುಚ್ಚಿ ಗುರುತು ಹಾಕಿದರು ಎಂದಿಟ್ಟುಕೊಳ್ಳಿ. ಸಂಭವನೀಯತೆಯ ನಿಯಮದಂತೆ ಅವರಲ್ಲಿ ಸುಮಾರು 32 ಮಂದಿಗೆ ಒಂದೂ ಸರಿಹೋಗದು. ಸುಮಾರು 42 ಮಂದಿಗೆ ಒಂದು ಸರಿಹೋಗುತ್ತದೆ. ಉಳಿದ 26 ಮಂದಿಗೆ ಎರಡು ಅಥವಾ ಹೆಚ್ಚು. ತಿಳಿವಳಿಕೆಯಲ್ಲಿ ಎಳ್ಳಷ್ಟೂ ಭೇದವಿಲ್ಲದ ಮಕ್ಕಳ ನಡುವೆ ಕಡಮೆಯೆಂದರೂ ಎರಡೂವರೆ ಅಂಕಗಳ ಅಂತರ ಹೀಗೆ ಹುಟ್ಟುತ್ತದೆ. ಬಹು ಮುಂದಿರುವವರಿಗೂ ಬಹು ಹಿಂದಿರುವವರಿಗೂ ಇದರಿಂದ ಬಾಧಕವಿಲ್ಲ. ಆದರೆ ಗೆರೆಯ ಈಚೆ ಆಚೆ ನಿಂತವರ ಪಾಲಿಗೆ ಆ ಎರಡೂವರೆ ಅಂಕಗಳೇ ಸರ್ವಸ್ವ. ಎಂಬತ್ತನೆಯವನು ಒಳಗೆ, ಎಂಬತ್ತೊಂದನೆಯವನು ಹೊರಗೆ.

ಹರಿಹರದವರಿಗೆ ಈ ವಿಷಯವನ್ನು ಬಿಡಿಸಿ ಹೇಳಬೇಕಾಗಿಲ್ಲ. 1941ರಲ್ಲಿ ಅಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಅದು ಮುಚ್ಚಿ ಬಹಳ ವರ್ಷಗಳಾದವು. ಯಂತ್ರದ ಕೆಲಸದಲ್ಲಿ ಕೈ ಪಳಗಿದ ಹಿರಿಯರೊಬ್ಬರು ಒಮ್ಮೆ ನಮಗೆ ಹೀಗೆಂದರು: “ಒಂದು ಭಾಗವನ್ನು ಒಂದೇ ಸಲ ಅಳೆದು ಎಸೆಯುವವನು ಕೆಲಸ ತಿಳಿದವನಲ್ಲ. ಮೂರು ಕಡೆ ಅಳೆಯಬೇಕು; ಅಳತೆಗೋಲಿನಲ್ಲೇ ದೋಷವಿದೆಯೋ ಎಂದು ಮೊದಲು ನೋಡಬೇಕು.” ಕಬ್ಬಿಣಕ್ಕೆ ತೋರುವ ಈ ಮರ್ಯಾದೆಯನ್ನು ಹತ್ತು ವರ್ಷದ ಮಗುವಿಗೆ ತೋರಬಾರದೆ?

ಇನ್ನು ಎರಡನೆಯ ಪ್ರಶ್ನೆ. ಪರೀಕ್ಷೆಯ ಬಾಗಿಲಿನವರೆಗೆ ಬರುವವರಾದರೂ ಯಾರು? ಅರ್ಜಿ ಹಾಕಬೇಕಾದವರು ತಂದೆತಾಯಿಗಳು. ಅರ್ಜಿಯೊಂದಿದೆ ಎಂದು ಅವರಿಗೆ ಯಾರಾದರೂ ಹೇಳಬೇಕು. ದಾವಣಗೆರೆಯಲ್ಲಿ ಈ ಪರೀಕ್ಷೆಗೆಂದೇ ಮಕ್ಕಳನ್ನು ತರಬೇತಿಗೆ ಕಳುಹಿಸುವ ಅನುಕೂಲಸ್ಥರಿದ್ದಾರೆ. ಹೂವು ಕಟ್ಟುವ ತಾಯಿಗೆ ಅದರ ಸುದ್ದಿಯೇ ಮುಟ್ಟುವುದಿಲ್ಲ.

ಈ ತೊಡಕು ನಮ್ಮ ದೇಶದ್ದು ಮಾತ್ರವಲ್ಲ. ಅಮೆರಿಕದ ಫ್ಲಾರಿಡಾ ಸಂಸ್ಥಾನದ ಬ್ರೋವರ್ಡ್ ಎಂಬ ಪ್ರಾಂತದಲ್ಲಿ ಮೊದಲು ತಂದೆತಾಯಿಗಳೂ ಉಪಾಧ್ಯಾಯರೂ ಸೂಚಿಸಿದ ಮಕ್ಕಳನ್ನು ಮಾತ್ರ ಪ್ರತಿಭಾವಂತರ ತರಗತಿಗೆಂದು ಪರೀಕ್ಷಿಸುತ್ತಿದ್ದರು. 2005ರಲ್ಲಿ ಆ ಕ್ರಮವನ್ನು ಬದಲಿಸಿ, ಎರಡನೆಯ ತರಗತಿಯ ಮಕ್ಕಳೆಲ್ಲರಿಗೂ ಮಾತಿನ ಹಂಗಿಲ್ಲದ ಒಂದು ಸಣ್ಣ ಪರೀಕ್ಷೆಯನ್ನು ಕೊಟ್ಟರು. ಡೇವಿಡ್ ಕಾರ್ಡ್ ಮತ್ತು ಲಾರಾ ಜೂಲಿಯಾನೊ ಎಂಬ ಅರ್ಥಶಾಸ್ತ್ರಜ್ಞರು ಇದರ ಫಲವನ್ನು ಪರಿಶೀಲಿಸಿದಾಗ, ಬಡವರ ಮಕ್ಕಳೂ ಕರಿಯ ಜನಾಂಗದ ಮಕ್ಕಳೂ ಮೊದಲಿಗಿಂತ ಬಹಳ ಹೆಚ್ಚಿನ ಸಂಖ್ಯೆಯಲ್ಲಿ ಆಯ್ಕೆಯಾದದ್ದು ಕಂಡುಬಂತು. ಆ ಮಕ್ಕಳು ಹಿಂದೆಯೂ ಅಲ್ಲಿಯೇ ಇದ್ದರು. ಅವರನ್ನು ಯಾರೂ ಕೇಳಿರಲಿಲ್ಲ, ಅಷ್ಟೆ. ಟೆಕ್ಸಾಸ್ ಸಂಸ್ಥಾನದವರು 2023ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಐದನೆಯ ತರಗತಿಯ ಗಣಿತದಲ್ಲಿ ಮೇಲಿನ ನೂರಕ್ಕೆ 40ರೊಳಗೆ ಬಂದ ಪ್ರತಿಯೊಂದು ಮಗುವನ್ನೂ ಆರನೆಯ ತರಗತಿಯಲ್ಲಿ ತಾನಾಗಿಯೇ ಮುಂದಿನ ಗಣಿತಕ್ಕೆ ಸೇರಿಸಬೇಕೆಂದು ಶಾಸನ ಮಾಡಿದರು. ಬೇಡವೆಂದರೆ ತಂದೆತಾಯಿಗಳು ಹೇಳಬೇಕು, ಬೇಕೆಂದು ಅಂಗಲಾಚಬೇಕಾಗಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ದಿನವೂ ಮಗುವನ್ನು ನೋಡುವ ಉಪಾಧ್ಯಾಯರಿಗಿಂತ ಪರೀಕ್ಷೆಯ ಹಾಳೆ ಹೆಚ್ಚು ತಿಳಿದದ್ದೆ? ಅಲ್ಲ. ಉಪಾಧ್ಯಾಯರು ಕಾಣುವ ಎಷ್ಟೋ ಗುಣಗಳು ಹಾಳೆಗೆ ಕಾಣುವುದಿಲ್ಲ. ಆದರೆ ಅವರ ಕಣ್ಣಿಗೆ ಬೀಳದ ಮೌನದ ಮಗುವೂ ಉಂಟು. ಆದ್ದರಿಂದ ಹಾಳೆ ಬಿಟ್ಟವರನ್ನು ಸೇರಿಸುವ ಅಧಿಕಾರ ಉಪಾಧ್ಯಾಯರಿಗಿರಲಿ; ಹಾಳೆ ಆರಿಸಿದವರನ್ನು ತೆಗೆಯುವ ಅಧಿಕಾರ ಬೇಡ.

ಪರದೇಶದ ಮಾತು ಸಾಕು. ನಮ್ಮಲ್ಲಿಯೇ ಇದಕ್ಕಿಂತ ಉತ್ತಮವಾದ ತತ್ತ್ವವೊಂದಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಉಪಾಧ್ಯಾಯರೇ ಮುಂದಾಗಿ ‘ನಲಿ-ಕಲಿ’ ಎಂಬ ಪದ್ಧತಿಯನ್ನು ಆರಂಭಿಸಿದರು. 2009-10ರ ವೇಳೆಗೆ ಅದು ರಾಜ್ಯದ ಸರ್ಕಾರಿ ಶಾಲೆಗಳ ಕೆಳತರಗತಿಗಳಿಗೆಲ್ಲ ಹಬ್ಬಿತು. ಅದರಲ್ಲಿ ಪಾಠವನ್ನು ಒಂದು ಏಣಿಯಾಗಿ ಕಟ್ಟಿದೆ. ಒಂದು ಮೈಲಿಗಲ್ಲನ್ನು ದಾಟಿದ ಮಗು ಮುಂದಿನದಕ್ಕೆ ಹೋಗುತ್ತದೆ. ಯಾರಿಗಾಗಿಯೂ ಕಾಯಬೇಕಾಗಿಲ್ಲ, ಯಾರೂ ಎಳೆದೊಯ್ಯುವುದೂ ಇಲ್ಲ. ಉಪಾಧ್ಯಾಯರ ಪೂರ್ಣ ನೆರವಿನಿಂದ ಕಲಿಯುವ ಗುಂಪಿನಿಂದ ಹಿಡಿದು ತಾನೇ ಕಲಿಯುವ ಗುಂಪಿನವರೆಗೆ ಐದು ಗುಂಪುಗಳು. ಒಂದೇ ಮಗು ಒಂದೇ ದಿನ ಒಂದರಿಂದ ಇನ್ನೊಂದಕ್ಕೆ ಹೋಗಬಹುದು. ಬೇಗ ಕಲಿಯುವವನು ಮುಂದಕ್ಕೆ ಹೋಗುತ್ತಾನೆ, ಆದರೆ ಯಾರೂ ಅವನನ್ನು ಆರಿಸಿಲ್ಲ; ಹಿಂದುಳಿದವನನ್ನು ಯಾರೂ ಹೊರಗಿಟ್ಟಿಲ್ಲ. ಆಚರಣೆಯಲ್ಲಿ ಕೊರತೆಗಳಿರಬಹುದು, ತತ್ತ್ವ ಶುದ್ಧವಾದದ್ದು. ಮೂರನೆಯ ತರಗತಿ ಮುಗಿದೊಡನೆ ಈ ಏಣಿ ಮುಗಿಯುತ್ತದೆ. ನಾಲ್ಕು ಐದನೆಯ ತರಗತಿಗಳಿಗೆ ಗಣಿತ ಕಲಿಕಾ ಆಂದೋಲನದ ಮಣಿಚೌಕಟ್ಟು, ಭಿನ್ನರಾಶಿಯ ಪಟ್ಟಿ ಮೊದಲಾದ ಸಾಮಗ್ರಿಗಳು ಬಂದಿವೆ. ಗ್ರಾಮ ಪಂಚಾಯಿತಿಗಳಲ್ಲಿ ಗಣಿತ ಸ್ಪರ್ಧೆಗಳೂ ನಡೆದಿವೆ. ಆದರೂ ಏಣಿ ಇದ್ದೆಡೆ ಈಗ ಒಂದು ಗೆರೆ ಬಂದು ನಿಲ್ಲುತ್ತದೆ.

ಹಾಗಾದರೆ ಶಾಲೆಗಳು ಮಾಡಬಹುದಾದದ್ದೇನು? ನಮಗೆ ತೋರುವುದನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಕೇಳಿಕೊಂಡು ಬಂದವರನ್ನಲ್ಲ, ತರಗತಿಯ ಎಲ್ಲರನ್ನೂ ಪರೀಕ್ಷಿಸಬೇಕು. ವರ್ಷಕ್ಕೆ ಒಮ್ಮೆಯಲ್ಲ, ಮೂರು ಸಲ ಪರೀಕ್ಷಿಸಬೇಕು. ಕೆಲವು ಪ್ರಶ್ನೆಗಳಿಗಾದರೂ ಗಡಿಯಾರವನ್ನು ತೆಗೆದಿಟ್ಟು, ಉತ್ತರ ಹೇಗೆ ಬಂತೆಂದು ಮಗುವಿನ ಬಾಯಿಂದಲೇ ಕೇಳಬೇಕು. ಮುಂದಿನ ತರಗತಿಯ ಬಾಗಿಲು ವರ್ಷದ ನಡುವೆಯೂ ತೆರೆದಿರಬೇಕು. ಭಾರವೆನಿಸಿದ ಮಗು ಅವಮಾನವಿಲ್ಲದೆ ಹಿಂದಿರುಗುವಂತಿರಬೇಕು. ಮತ್ತು ಒಳ್ಳೆಯ ಉಪಾಧ್ಯಾಯರನ್ನೆಲ್ಲ ಆರಿಸಿದವರ ಕಡೆಗೆ ಕಳುಹಿಸಿ, ಉಳಿದವರನ್ನು ಅವರ ಪಾಡಿಗೆ ಬಿಡಬಾರದು. ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ಹಣ ಬೇಡ. ಸ್ವಲ್ಪ ತಾಳ್ಮೆ ಬೇಕು.

ಆ ಹುಡುಗಿಯ ಸಂಗತಿಯನ್ನು ಅರ್ಧಕ್ಕೆ ಬಿಟ್ಟೆವು. ನಾವು ಅವಳನ್ನು ದೇವಾಲಯದ ಬಳಿ ಕಂಡ ವೇಳೆಗೆ ನವೋದಯಕ್ಕೆ ಆ ವರ್ಷದ ಅರ್ಜಿಯ ಕಾಲ ಕಳೆದಿತ್ತು. ಮರುವರ್ಷ ಅವಳು ಐದನೆಯ ತರಗತಿಯಲ್ಲಿರುವವಳಲ್ಲವಾದ್ದರಿಂದ ಆ ಬಾಗಿಲು ಮತ್ತೆ ತೆರೆಯುವಂತಿರಲಿಲ್ಲ. ಜುಲೈ ತಿಂಗಳಿನಲ್ಲಿ ನಾವು ಆರು ಉತ್ತರಗಳ ಆ ಹಾಳೆಯನ್ನು ಸರಿಯಾಗಿ ನೋಡಿದ್ದರೆ, ಅವಳ ತಾಯಿಗೆ ಒಂದು ಮಾತು ಹೇಳಬಹುದಾಗಿತ್ತು. ಪ್ರವೇಶ ದೊರೆಯುತ್ತಿತ್ತೋ ಇಲ್ಲವೋ, ಆ ಮಾತು ಬೇರೆ. ಭಾನುವಾರದ ತರಗತಿಗೆ ಮಾತ್ರ ಅವಳು ಬಂದಳು. ಹದಿನೈದು ಮಂದಿಯ ಕೊಠಡಿಯಲ್ಲಿ ಹದಿನಾರನೆಯವಳಿಗೆ ಸ್ಥಳವಿಲ್ಲವೆಂದು ತಿಳಿದಿದ್ದೆವು, ಇತ್ತು. ಕಡೆಯವರೆಗೂ ಅವಳು ಎಲ್ಲರಿಗಿಂತ ತಡವಾಗಿಯೇ ಉತ್ತರ ಹೇಳುತ್ತಿದ್ದಳು. ನಾವು ಕಾಯುವುದನ್ನು ಕಲಿತೆವು.